ಹಳೆ ಪವರ್ ಆಂಪ್ಲಿಫೈಯರ್ ಕೊಡುಕೊಳ್ಳುವ ವ್ಯವಹಾರ: ಅಳ್ನಾವರದಿಂದ ಮುಖ್ಯಾಂಶಗಳು

ಯಾರಿಗೆ: ಐಟಿಐ ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಡಿಪ್ಲೊಮಾ ವಿದ್ಯಾರ್ಥಿಗಳಿಗೆ; ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ; ಸ್ವಂತಕ್ಕೊಂದು ಹಳೆ ಸೆಟ್ ಕೊಳ್ಳಬೇಕೆಂದಿರುವವರಿಗೆ.

ಮೊದಲು ನೆನಪಿಡಬೇಕಾದ್ದು

- ಹಳೆ ಆಂಪ್ಲಿಫೈಯರಿನ ಬೆಲೆ ಮುಖದ ಮೇಲೆ ಬರೆದ ವ್ಯಾಟಿನಲ್ಲಿ ಇಲ್ಲ. ಅದು ಮೂರು ಕಡೆ ಇದೆ: ಟ್ರಾನ್ಸ್‌ಫಾರ್ಮರಿನ ತೂಕ, ಹೀಟ್ ಸಿಂಕಿನ ಅಗಲ, ಬಿಡಿಭಾಗ ಸಿಗುವ ಸುಲಭ.
- ತಣ್ಣಗಿದ್ದಾಗ ಎಲ್ಲ ಸೆಟ್ಟೂ ಚಲೋ ಹಾಡುತ್ತದೆ. ದೋಷ ಹೊರಬೀಳುವುದು ಬಿಸಿಯಾದ ಮೇಲೆ, ಸ್ಪೀಕರ್ ಬಾಕ್ಸಿನ ಲೋಡ್ ಬಿದ್ದಾಗ. ಆದ್ದರಿಂದ ಅರ್ಧ ಗಂಟೆ ಓಡಿಸದೆ ದರ ಮಾತಾಡಬಾರದು.

1. ಸ್ಥಳ ಪರಿಚಯ

- ಅಳ್ನಾವರ: ಧಾರವಾಡದಿಂದ ಸುಮಾರು 35 ಕಿ.ಮೀ. ಪಶ್ಚಿಮಕ್ಕೆ, ಅರೆಮಲೆನಾಡಿನ ಅಂಚಿನಲ್ಲಿದೆ. ಹುಬ್ಬಳ್ಳಿ–ಲೋಂಡಾ ಮಾರ್ಗದ ರೈಲ್ವೆ ಜಂಕ್ಷನ್. ದಾಂಡೇಲಿ ಕಡೆಯ ಕವಲು ಮಾರ್ಗ ಇಲ್ಲಿಂದಲೇ ಒಡೆಯುತ್ತದೆ.
- ಮೊದಲು ಧಾರವಾಡ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕೆಂದು ಘೋಷಣೆಯಾಗಿ, 2018ರಲ್ಲಿ ಅಸ್ತಿತ್ವಕ್ಕೆ ಬಂತು. ಅದೇ ಸುತ್ತಿನಲ್ಲಿ ಜಿಲ್ಲೆಗೆ ಅಣ್ಣಿಗೇರಿಯೂ ಹೊಸ ತಾಲ್ಲೂಕಾಗಿ ಸೇರಿತು.
- ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದೂ ಅಲ್ಲೇ.
- ಈ ಸೀಮೆಯಲ್ಲಿ ಆಂಪ್ಲಿಫೈಯರಿಗೆ ಎರಡು ಬಗೆಯ ಗಿರಾಕಿ. ಜಾತ್ರೆ, ಭಜನೆ, ಸಣ್ಣಾಟ, ಗಣಪತಿ ಪೆಂಡಾಲಿಗೆ ಮೈಕ್ ಸೆಟ್ ಹಚ್ಚುವವರು ಒಂದು ಕಡೆ. ಮನೆಯಲ್ಲಿ ಕೂತು ಹಾಡು ಕೇಳುವವರು ಇನ್ನೊಂದು ಕಡೆ. ಒಬ್ಬರಿಗೆ ಒಗ್ಗಿದ ಯಂತ್ರ ಇನ್ನೊಬ್ಬರಿಗೆ ಒಗ್ಗುವುದಿಲ್ಲ.
- ಧಾರವಾಡ ಆಕಾಶವಾಣಿ ಕೇಂದ್ರದ ಆರಂಭ: 8 ಜನವರಿ 1950. ಮಲ್ಲಿಕಾರ್ಜುನ ಮನಸೂರ (1910–1992), ಗಂಗೂಬಾಯಿ ಹಾನಗಲ್ (1913–2009), ಬಸವರಾಜ ರಾಜಗುರು ಇವರ ಗಾಯನವನ್ನು ಈ ಭಾಗದ ಮನೆಗಳು ರೇಡಿಯೊದಲ್ಲೇ ಕೇಳಿ ಬೆಳೆದವು. ಆ ಕಾಲದ ಮೋನೊ ಧ್ವನಿಮುದ್ರಣ ಇವತ್ತಿಗೂ ಹಳೆ ಸ್ಟೀರಿಯೊ ಸೆಟ್ಟನ್ನು ಪರೀಕ್ಷಿಸುವ ಅಗ್ಗದ ಸಾಧನ. ವಿವರ 6ನೇ ಭಾಗದಲ್ಲಿ.

2. ಇಸವಿವಾರು

- 1906: ಲೀ ಡಿ ಫಾರೆಸ್ಟ್ ಮೂರು ತುದಿಯ ವಾಲ್ವ್ ಆಡಿಯಾನ್ ರೂಪಿಸಿದರು. ಧ್ವನಿ ಸಂಕೇತ ಹಿಗ್ಗಿಸುವ ಕೆಲಸದ ಬೇರು ಇದು.
- 1927: ಹೆರಾಲ್ಡ್ ಬ್ಲ್ಯಾಕ್ ಋಣ ಮರುಪೂರಣ, ಅಂದರೆ ನೆಗೆಟಿವ್ ಫೀಡ್‌ಬ್ಯಾಕ್ ಕಂಡುಹಿಡಿದರು. ಹೊರಬಂದ ಸಂಕೇತದ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಟ್ಟರೆ ವಿಕೃತಿ ತಗ್ಗುತ್ತದೆ ಎಂಬುದು ಅದರ ಸಾರ.
- 1931: ಅಲನ್ ಬ್ಲುಮ್‌ಲೈನ್ ಸ್ಟೀರಿಯೊ ಧ್ವನಿಯ ಪೇಟೆಂಟಿಗೆ ಇಂಗ್ಲೆಂಡಿನಲ್ಲಿ ಅರ್ಜಿ ಹಾಕಿದರು.
- 1940: ದೆಹಲಿಯ ಅಹೂಜಾ ಸಂಸ್ಥೆಯ ಆರಂಭ. ಭಾರತದ ಊರೂರಿನ ಮೈಕ್ ಸೆಟ್ಟಿನಲ್ಲಿ ಕಾಣುವ ಹೆಸರು.
- 1947: ವಿಲಿಯಮ್ಸನ್ ಅವರ ವಾಲ್ವ್ ಆಂಪ್ಲಿಫೈಯರ್ ವಿನ್ಯಾಸ ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬಾರ್ಡೀನ್, ಬ್ರಾಟೇನ್, ಶಾಕ್ಲಿ ಮೂವರಿಗೆ 1956ರ ನೊಬೆಲ್.
- 1954: ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆ. 1960ರ ದಶಕದಲ್ಲಿ ವಾಲ್ವ್, ಟ್ರಾನ್ಸಿಸ್ಟರ್ ಎರಡನ್ನೂ ತಯಾರಿಸಿತು. ಹಳೆ ಸ್ವದೇಶಿ ಸೆಟ್ಟಿನ ಮುಚ್ಚಳ ತೆಗೆದರೆ ಬಿಇಎಲ್ ಮುದ್ರೆಯ ಟ್ರಾನ್ಸಿಸ್ಟರ್ ಕಾಣಸಿಗುವುದು ಅದಕ್ಕೇ.
- 1970: ಕೋಲ್ಕತ್ತದ ಸೋನೊಡೈನ್ ಕಂಪನಿಯ ಆರಂಭ. ಕಾಸ್ಮಿಕ್, ನಾರ್ಜ್ ಹೆಸರಿನ ಸ್ಟೀರಿಯೊ ಆಂಪ್ಲಿಫೈಯರುಗಳೂ ಹಳೆ ಸೆಟ್ ಹುಡುಕುವವರಿಗೆ ಪರಿಚಿತ.
- 1974: ವ್ಯಾಟ್ ಹೇಗೆ ಅಳೆದು ಜಾಹೀರಾತು ಕೊಡಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿತು. ವ್ಯಾಟಿನ ಸುಳ್ಳು ಒಂದೇ ದೇಶದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

3. ವರ್ಗಗಳು

- ಎ ವರ್ಗ: ಟ್ರಾನ್ಸಿಸ್ಟರ್ ಸಂಕೇತದ ಆವರ್ತದ 360 ಡಿಗ್ರಿಯೂ ವಹನ ಸ್ಥಿತಿಯಲ್ಲಿರುತ್ತದೆ. ಗರಿಷ್ಠ ದಕ್ಷತೆ ಶೇ 25. ಟ್ರಾನ್ಸ್‌ಫಾರ್ಮರ್ ಜೋಡಣೆಯಲ್ಲಿ ಶೇ 50. ಹಾಡದೆ ಸುಮ್ಮನಿದ್ದಾಗಲೂ ಸುಡುತ್ತದೆ.
- ಬಿ ವರ್ಗ: 180 ಡಿಗ್ರಿ. ಗರಿಷ್ಠ ದಕ್ಷತೆ ಶೇ 78.5. ದೋಷ: ಕ್ರಾಸ್‌ಓವರ್ ವಿಕೃತಿ.
- ಎಬಿ ವರ್ಗ: 180ಕ್ಕಿಂತ ಹೆಚ್ಚು, 360ಕ್ಕಿಂತ ಕಡಿಮೆ. ಸ್ವಲ್ಪ ಬಯಾಸ್ ಕರೆಂಟ್ ಹರಿಸಿ ಬಿ ವರ್ಗದ ವಿಕೃತಿಯನ್ನು ತಗ್ಗಿಸುತ್ತದೆ. ಹಳೆ ಮಾಲಿನ ಪೇಟೆಯಲ್ಲಿ ಸಿಗುವ ಬಹುಪಾಲು ಸ್ಟೀರಿಯೊ ಪವರ್ ಆಂಪ್ಲಿಫೈಯರ್ ಈ ವರ್ಗದವು.
- ಸಿ ವರ್ಗ: 180 ಡಿಗ್ರಿಗಿಂತ ಕಡಿಮೆ. ರೇಡಿಯೊ ಪ್ರಸಾರಕದಲ್ಲಿ ಬಳಕೆ; ಹಾಡಿಗೆ ಬಾರದು.
- ಡಿ ವರ್ಗ: ಸ್ವಿಚ್ಚಿನಂತೆ ತೆರೆದು ಮುಚ್ಚುವ ಬಗೆ. ದಕ್ಷತೆ ಶೇ 90ರ ಆಸುಪಾಸು. ಹಗುರ, ತಂಪು. ಬೋರ್ಡ್ ಸುಟ್ಟರೆ ಸಣ್ಣ ಊರಿನಲ್ಲಿ ರಿಪೇರಿ ಕಷ್ಟ. ಇಲ್ಲಿ ಮಾತ್ರ ತೂಕದ ಲೆಕ್ಕ ನಡೆಯುವುದಿಲ್ಲ.

4. ಸುಳ್ಳು ವ್ಯಾಟ್ ಹಿಡಿಯುವ ಲೆಕ್ಕ

"ಐನೂರು ವ್ಯಾಟ್ ಐತ್ರಿ" ಎಂದು ಮಾರುವವರು ಹೇಳಿದಾಗ ವಾದಕ್ಕೆ ಇಳಿಯಬೇಡಿ, ಲೆಕ್ಕಕ್ಕೆ ಇಳಿಯಿರಿ.

- ಮೂಲ ಸೂತ್ರ: ಪವರ್ = ವೋಲ್ಟೇಜಿನ ವರ್ಗ ÷ ಓಮ್. 20 ವೋಲ್ಟ್, 8 ಓಮ್ ಆದರೆ 400 ÷ 8 = 50 ವ್ಯಾಟ್. ಅದೇ 20 ವೋಲ್ಟ್ 4 ಓಮಿಗೆ ಬಿದ್ದರೆ 100 ವ್ಯಾಟ್, ಕರೆಂಟ್ 2.5 ಆಂಪಿಯರಿನಿಂದ 5ಕ್ಕೆ ಏರುತ್ತದೆ.
- ರೈಲ್ ವೋಲ್ಟೇಜ್ ಲೆಕ್ಕ: ಒಳಗಿನ ಡಿಸಿ ಪ್ಲಸ್ 35, ಮೈನಸ್ 35 ವೋಲ್ಟ್ ಇದೆ ಎನ್ನೋಣ. ಮೇಲ್ಮಿತಿ = 35ರ ವರ್ಗ ÷ (2 × 8) = ಸುಮಾರು 77 ವ್ಯಾಟ್. ನಷ್ಟ ಕಳೆದರೆ ಅದಕ್ಕೂ ಕಡಿಮೆ. ಇಂಥ ಸೆಟ್ಟಿನ ಒಂದು ಚಾನೆಲ್ 8 ಓಮಿನಲ್ಲಿ 250 ವ್ಯಾಟ್ ಕೊಡಲಾರದು.
- 35 ವೋಲ್ಟ್ ಎಲ್ಲಿಂದ: 25–0–25 ಎಸಿ ಟ್ರಾನ್ಸ್‌ಫಾರ್ಮರ್ × 1.414.
- ಫ್ಯೂಸ್ ಲೆಕ್ಕ: 230 ವೋಲ್ಟ್ × 2 ಆಂಪಿಯರ್ ಫ್ಯೂಸ್ = 460 ವ್ಯಾಟ್ ಒಳಹರಿವು. ದಕ್ಷತೆ ಶೇ 60 ಎಂದು ಹಿಡಿದರೆ ಎರಡೂ ಚಾನೆಲ್ ಸೇರಿ ಹೊರಬರುವುದು ಸುಮಾರು 276 ವ್ಯಾಟ್. ಮುಖದ ಮೇಲೆ 1000 ಎಂದು ಬರೆದಿದ್ದರೆ ಆ ಅಂಕಿಯನ್ನು ಹಿಂದಿನ ಫ್ಯೂಸೇ ಅಲ್ಲಗಳೆಯುತ್ತದೆ.
- ಆರ್‌ಎಂಎಸ್ ಲೆಕ್ಕ: ನಿರಂತರ ಕೊಡಬಲ್ಲ ಪವರ್. ಪಿಎಂಪಿಒ: ಯಾವ ಒಪ್ಪಿತ ಅಳತೆ ಕ್ರಮವೂ ಇಲ್ಲದ ಜಾಹೀರಾತಿನ ಅಂಕಿ.
- ಪವರ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಧ್ವನಿ ಇಮ್ಮಡಿ ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರ್ ಬೇಕು. 50 ವ್ಯಾಟಿನ ಸೆಟ್ ಕೊಟ್ಟು 100 ವ್ಯಾಟಿನದು ತಂದವರಿಗೆ ಹೆಚ್ಚೇನೂ ವ್ಯತ್ಯಾಸ ಕೇಳಿಸದಿರುವುದು ಇದರಿಂದ.
- ಬಾಕ್ಸ್ ಜೋಡಣೆ: 8 ಓಮಿನ ಎರಡು ಪ್ಯಾರಲಲ್ = 4 ಓಮ್; ನಾಲ್ಕು ಪ್ಯಾರಲಲ್ = 2 ಓಮ್, ಹೆಚ್ಚಿನ ಮನೆ ಸೆಟ್ಟುಗಳಿಗೆ ಅಪಾಯ; ಎರಡು ಸೀರೀಸ್ = 16 ಓಮ್.
- ಬ್ರಿಜ್ ಜೋಡಣೆ: ವೋಲ್ಟೇಜ್ ಇಮ್ಮಡಿ, ತಾತ್ವಿಕವಾಗಿ ಪವರ್ ನಾಲ್ಮಡಿ. ಆದರೆ 8 ಓಮಿನ ಬಾಕ್ಸ್ ಪ್ರತಿ ಚಾನೆಲ್ಲಿಗೂ 4 ಓಮಿನಂತೆ ಭಾರವಾಗುತ್ತದೆ.
- 100 ವೋಲ್ಟ್ ಲೈನ್: ಮೈಕ್ ಸೆಟ್ಟಿನ ಆಂಪ್ಲಿಫೈಯರಿನಲ್ಲಿ ಮಾತ್ರ. ದೂರದ ಹಾರ್ನಿಗೆ ಉದ್ದ ತಂತಿ ಎಳೆಯಲು ಈ ವ್ಯವಸ್ಥೆ. ಪ್ರತಿ ಹಾರ್ನಿಗೂ ಲೈನ್ ಟ್ರಾನ್ಸ್‌ಫಾರ್ಮರ್ ಬೇಕು. 8 ಓಮಿನ ಮನೆ ಬಾಕ್ಸನ್ನು ನೇರ ಅದಕ್ಕೆ ಸಿಕ್ಕಿಸಿದರೆ ಲೆಕ್ಕ 10,000 ÷ 8 = 1250 ವ್ಯಾಟಿನ ಭಾರ. ಬಾಕ್ಸಿನ ಕಾಯಿಲಾದರೂ ಹೋಗುತ್ತದೆ, ಸೆಟ್ಟಾದರೂ ಹೋಗುತ್ತದೆ.

5. ಒಂದೇ ಜಿಲ್ಲೆ, ಎರಡು ಬಗೆಯ ಕೆಡುಕು

- ಅಳ್ನಾವರ, ಕಲಘಟಗಿ ಕಡೆ ಮಳೆ, ಥಂಡಿ ಹೆಚ್ಚು. ಇಲ್ಲಿ ಕೆಡುವುದು: ಸಾಕೆಟ್, ಸ್ವಿಚ್, ರಿಲೇ ಮೊನೆಗಳಲ್ಲಿ ಕಿಲುಬು, ಕಬ್ಬಿಣದ ತಳಕ್ಕೆ ತುಕ್ಕು, ಮರದ ಕ್ಯಾಬಿನೆಟ್ಟಿಗೆ ಗೆದ್ದಲು.
- ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಎರೆಭೂಮಿ, ಬಿಸಿಲು ಹೆಚ್ಚು. ಇಲ್ಲಿ ಕೆಡುವುದು: ಹೀಟ್ ಸಿಂಕಿನ ಸಂದಿ ಧೂಳಿನಿಂದ ಮುಚ್ಚಿ ಗಾಳಿ ಆಡದಂತಾಗುವುದು, ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು, ಕಾವಿಗೆ ಒಣಗಿದ ಕಂಡೆನ್ಸರ್.
- ಸೂತ್ರ: ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಕಾವು 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಷ್ಯ ಸುಮಾರು ಇಮ್ಮಡಿ.
- ಬಾಡಿಗೆಗೆ ಟ್ರ್ಯಾಕ್ಟರ್, ಟೆಂಪೊ ಏರಿ ತಿರುಗಿದ ಸೆಟ್ಟಿನಲ್ಲಿ ಬೆಸುಗೆ ಬಿರುಕು ಸಾಮಾನ್ಯ. ಮೇಲೆ ತಟ್ಟಿದರೆ ಧ್ವನಿ ಹೋಗಿ ಬರುವುದು ಅದರ ಗುರುತು.
- ನೀತಿ: ಸೆಟ್ ಎಷ್ಟು ವರ್ಷದ್ದು ಎಂದು ಕೇಳುವ ಮೊದಲು ಎಲ್ಲಿತ್ತು, ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಬೇಕು.

6. ಕೊಳ್ಳುವಾಗ: ಕ್ರಮವಾಗಿ ಎಂಟು ಹೆಜ್ಜೆ

1. ಎತ್ತಿ ನೋಡಿ. ಎಬಿ ವರ್ಗದ ಸೆಟ್ಟಿನ ತೂಕದ ದೊಡ್ಡ ಪಾಲು ಟ್ರಾನ್ಸ್‌ಫಾರ್ಮರಿನದು. ದೊಡ್ಡ ಡಬ್ಬಿ ಹೂವಿನಷ್ಟು ಹಗುರ ಇದ್ದರೆ ವ್ಯಾಟೂ ಅಷ್ಟೇ. ಅಗ್ಗದ ಟ್ರಾನ್ಸ್‌ಫಾರ್ಮರಿನಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ. ಅದರ ರೋಧಕತೆ ತಾಮ್ರದ ಸುಮಾರು 1.6 ಪಟ್ಟು.

2. ಮೂಸಿ ನೋಡಿ, ಅಲುಗಾಡಿಸಿ ನೋಡಿ. ಸುಟ್ಟ ವಾರ್ನಿಶ್ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಒಮ್ಮೆ ಕಾದಿದೆ ಎಂದರ್ಥ. ಸ್ಕ್ರೂ ತಲೆ ಸವೆದಿದ್ದರೆ ಹಲವು ಸಲ ಬಿಚ್ಚಿದ್ದಾರೆ.

3. ವೋಲ್ಟೇಜ್ ಫಲಕ ಓದಿ. ಭಾರತ: 230 ವೋಲ್ಟ್, 50 ಹರ್ಟ್ಸ್. ಅಮೆರಿಕ: 120 ವೋಲ್ಟ್. ಜಪಾನ್: 100 ವೋಲ್ಟ್. ಹೊರದೇಶದಿಂದ ತಂದ ಸೆಟ್ಟಿನ ಹಿಂದಿನ ವೋಲ್ಟೇಜ್ ಸ್ವಿಚ್ ಎಲ್ಲಿದೆ ಎಂದು ನೋಡದೆ ಪ್ಲಗ್ ಹಾಕಬಾರದು.

4. ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿ. 60 ಅಥವಾ 100 ವ್ಯಾಟಿನ ಹಳೆ ತಂತಿ ಬಲ್ಬನ್ನು ಕರೆಂಟ್ ದಾರಿಯಲ್ಲಿ ಸರಣಿಯಾಗಿ ಜೋಡಿಸಬೇಕು. ಎಲ್‌ಇಡಿ ಬಲ್ಬ್ ನಡೆಯದು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಕಂಡೆನ್ಸರ್ ತುಂಬಿಕೊಂಡ ಗುರುತು. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್.

5. ಬಾಕ್ಸ್ ಹಚ್ಚುವ ಮೊದಲು ಡಿಸಿ ಅಳೆಯಿರಿ. ಸ್ಪೀಕರ್ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ 50 ಮಿಲಿವೋಲ್ಟಿನೊಳಗೆ ಇರಬೇಕು. 100 ದಾಟಿದರೆ ರಿಪೇರಿ ಖರ್ಚು ಇದೆ ಎಂದು ತಿಳಿಯಿರಿ. ಹತ್ತಾರು ವೋಲ್ಟ್ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ; ಬಾಕ್ಸ್ ಹಚ್ಚಿದ ಕ್ಷಣ ಸುಡುತ್ತದೆ. ರಕ್ಷಣಾ ರಿಲೇ ಇರುವ ಸೆಟ್ಟಿನಲ್ಲಿ ಆನ್ ಮಾಡಿದ ಕೆಲವು ಸೆಕೆಂಡಿಗೆ ಟಕ್ ಎಂಬ ಸದ್ದು ಬರಬೇಕು. ಆ ಸದ್ದು ಬಾರದಿದ್ದರೆ ದರ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಿ.

6. ಗುಂಯ್ ಸದ್ದು ಗುರುತಿಸಿ. 50 ಹರ್ಟ್ಸಿನ ಮಂದ್ರ ಗುಂಯ್ ಅರ್ಥಿಂಗ್ ಅಥವಾ ವೈರಿನ ದೋಷ, ಖರ್ಚು ಕಡಿಮೆ. 100 ಹರ್ಟ್ಸಿನದು ಪೂರ್ಣ ತರಂಗ ರೆಕ್ಟಿಫೈಯರ್ ನಂತರದ ಫಿಲ್ಟರ್ ಕಂಡೆನ್ಸರ್ ಸೋತದ್ದು. ಕೇಳಲು ಸುಲಭ ಉಪಾಯ: ವಿಲಂಬಿತ ಖಯಾಲಿನ ಆಲಾಪ ಹಚ್ಚಿ. ಗಾಯಕ ಉಸಿರು ತಗೊಳ್ಳುವ ಬಿಡುವಿನಲ್ಲಿ ತಂಬೂರಿ ಶುದ್ಧವಾಗಿ ಕೇಳಬೇಕು. ತಂಬೂರಿಯ ಸಂಗಡ ಇನ್ನೊಂದು ಷಡ್ಜ ಹಿಡಿದಂತೆ ಸೆಟ್ಟೂ ಗುನುಗುತ್ತಿದ್ದರೆ ಕಂಡೆನ್ಸರ್ ಬದಲಿಸಬೇಕು. ಡಿಜೆ ಹಾಡು ಹಚ್ಚಿ ಮಾರುವವರ ಅಂಗಡಿಯಲ್ಲಿ ಈ ದೋಷ ಎಂದೂ ಕೇಳಿಸದು.

7. ಮೋನೊ ಹಾಡಿನಿಂದ ಎರಡೂ ಚಾನೆಲ್ ತೂಗಿ. ಹಳೆ ಮೋನೊ ಧ್ವನಿಮುದ್ರಣದಲ್ಲಿ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸಂಕೇತ. ಎರಡು ಬಾಕ್ಸಿನ ನಟ್ಟನಡುವೆ ಕೂತರೆ ದನಿ ನಡುವಿನಿಂದಲೇ ಬರಬೇಕು. ಒಂದು ಕಡೆ ವಾಲಿದರೆ ಅದರ ಎದುರಿನ ಚಾನೆಲ್ ಸೋತಿದೆ. ಖಚಿತಕ್ಕೆ ಬಾಕ್ಸಿನ ವೈರ್ ಅದಲುಬದಲು ಮಾಡಿ: ದೋಷವೂ ಜಾಗ ಬದಲಿಸಿದರೆ ತಪ್ಪು ಸೆಟ್ಟಿನದು ಅಥವಾ ಅದಕ್ಕೂ ಹಿಂದಿನದು, ಅಲ್ಲೇ ಉಳಿದರೆ ಬಾಕ್ಸಿನದು.

8. ಅರ್ಧ ಗಂಟೆ ಓಡಿಸಿ, ಹೀಟ್ ಸಿಂಕ್ ಮುಟ್ಟಿ. ಎರಡೂ ಬದಿ ಸಮ ಬಿಸಿ ಇರಬೇಕು. ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದರೆ ಬಯಾಸ್ ತಪ್ಪಿದೆ. ಬಿಸಿಯಾದ ಮೇಲೆ ಡಿಸಿ ಮತ್ತೊಮ್ಮೆ ಅಳೆಯಿರಿ. ತಣ್ಣಗಿದ್ದಾಗಿನ ಅಂಕಿಗಿಂತ ಬಹಳ ಏರಿರಬಾರದು.

ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ವಿದ್ಯುತ್ ನಿಂತಿರುತ್ತದೆ. ರೆಸಿಸ್ಟರ್ ಮೂಲಕ ಇಳಿಸಬೇಕು; ಸ್ಕ್ರೂಡ್ರೈವರ್ ಅಡ್ಡ ಇಡಬಾರದು.

7. ಬಿಡಿಭಾಗ: ಬೆಲೆಯ ಒಳಗುಟ್ಟು

- 2ಎನ್3055: 60 ವೋಲ್ಟ್, 15 ಆಂಪಿಯರ್, 115 ವ್ಯಾಟ್, ಲೋಹದ ಟೊಪ್ಪಿಗೆಯ ರೂಪ. ಇದರ ಪೂರಕ ಜೋಡಿ ಎಂಜೆ2955.
- 2ಎಸ್‌ಸಿ5200 ಹಾಗೂ 2ಎಸ್‌ಎ1943: ತೋಶಿಬಾ ವಿನ್ಯಾಸದ ಪೂರಕ ಜೋಡಿ, 230 ವೋಲ್ಟ್, 15 ಆಂಪಿಯರ್, 150 ವ್ಯಾಟ್. ನಕಲಿ ಮಾಲು ಧಾರಾಳ. ಅಸಲಿ ತೆಗೆದು ನಕಲಿ ಕೂರಿಸಿದ ಸೆಟ್ ಕಡಿಮೆ ವಾಲ್ಯೂಮಿನಲ್ಲಿ ಸುಮ್ಮನಿದ್ದು, ಜೋರು ಮಾಡಿದಾಗ ಸಿಡಿಯುತ್ತದೆ.
- ಎಸ್‌ಟಿಕೆ ಮಾಡ್ಯೂಲ್: ಸಾನ್ಯೊ ಕಂಪನಿಯ ಹೈಬ್ರಿಡ್ ಐಸಿ. ಕೆಟ್ಟರೆ ಇಡೀ ಮಾಡ್ಯೂಲೇ ಬದಲಿಸಬೇಕು. ಆದ್ದರಿಂದ ಬಿಡಿ ಟ್ರಾನ್ಸಿಸ್ಟರಿನ ಸೆಟ್ ಹಳ್ಳಿಯ ಬಳಕೆಗೆ ಮೇಲು.
- ಬಿಡಿಭಾಗದ ದೊಡ್ಡ ಪೇಟೆಗಳು: ಬೆಂಗಳೂರಿನ ಎಸ್.ಪಿ. ರಸ್ತೆ (ಸಾದರ ಪತ್ರಪ್ಪ ರಸ್ತೆ), ಮುಂಬೈನ ಲ್ಯಾಮಿಂಗ್ಟನ್ ರಸ್ತೆ.
- ದರ ಕಟ್ಟುವ ಸೂತ್ರ: ಸುಸ್ಥಿತಿಯ ದರ − ರಿಪೇರಿ ಖರ್ಚು = ಕೊಡಬಹುದಾದ ದರ. ಲೆಕ್ಕ ಕಲಿಯಲು ಹಿಡಿದ ಅಂಕಿ: ಸುಸ್ಥಿತಿಯಲ್ಲಿ 8,000 ರೂ.; ಕಂಡೆನ್ಸರ್ 1,200, ರಿಲೇ ಮತ್ತು ವಾಲ್ಯೂಮ್ 500, ಮಜೂರಿ 800; ಉಳಿದದ್ದು 5,500 ರೂ.

8. ಮಾರುವಾಗ

- ಧೂಳು ಒರೆಸಿ, ಆದರೆ ಬಣ್ಣ ಬಳಿಯಬೇಡಿ. ಮೂಲ ಗುಬುಟು, ಮೂಲ ಫಲಕ ಇದ್ದರೇ ಬೆಲೆ.
- ಮುಚ್ಚಳ ತೆಗೆದು ಒಳಗಿನ ಫೋಟೊ ತೋರಿಸಿ. ರೈಲ್ ವೋಲ್ಟೇಜ್, ಎರಡೂ ಚಾನೆಲ್ಲಿನ ಡಿಸಿ ಅಂಕಿ ಚೀಟಿಯಲ್ಲಿ ಬರೆದು ಅಂಟಿಸಿ. ಅಳತೆ ತೋರಿಸುವ ಮಾರಾಟಗಾರನ ಮುಂದೆ ಚೌಕಾಸಿ ಬೇಗ ಮುಗಿಯುತ್ತದೆ.
- ಇರುವ ದೋಷ ಮೊದಲೇ ಹೇಳಿ. ಸಣ್ಣ ಊರಿನಲ್ಲಿ ವಾಪಸ್ ಬಂದ ಸೆಟ್ಟಿಗಿಂತ ವಾಪಸ್ ಬಂದ ಮಾತು ಭಾರ.
- ರಸೀದಿಯಲ್ಲಿ ಇರಬೇಕಾದ್ದು: ದಿನಾಂಕ, ಮಾಡೆಲ್, ಸೀರಿಯಲ್ ನಂಬರ್, ದರ, ಎರಡೂ ಕಡೆಯವರ ಸಹಿ.
- ಸಾಗಣೆ: ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಬಿಗಿ ಮಾಡಿ, ವಾಲ್ವ್ ಸೆಟ್ಟಾದರೆ ವಾಲ್ವ್ ಕಳಚಿ ಬೇರೆ ಕಟ್ಟಿ. ಸಾರಿಗೆ ಸಂಸ್ಥೆಗಳ ಬಸ್ ಪಾರ್ಸೆಲ್ ಸೇವೆಯ ಹೆಸರು ನಮ್ಮ ಕಾರ್ಗೊ, ಆರಂಭ 2021.

9. ಕಾನೂನು

- ಸರಕು ಮಾರಾಟ ಕಾಯ್ದೆ, 1930: ಕಲಂ 16ರ ತಿರುಳು, ಕೊಳ್ಳುವವನೇ ಎಚ್ಚರ ವಹಿಸಬೇಕು. ಕಲಂ 27: ಒಡೆಯನಲ್ಲದವನು ಮಾರಿದರೆ ಕೊಂಡವನಿಗೆ ಒಡೆತನ ಬಾರದು, ಇದಕ್ಕೆ ಕೆಲವು ಅಪವಾದಗಳಿವೆ.
- ಭಾರತೀಯ ನ್ಯಾಯ ಸಂಹಿತೆ ಕಲಂ 317: ಕದ್ದ ಮಾಲೆಂದು ತಿಳಿದೂ ಪಡೆದರೆ 3 ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಜಾರಿ: 1 ಜುಲೈ 2024. ಹಿಂದಿನ ಐಪಿಸಿ ಕಲಂ: 411.
- ಗ್ರಾಹಕ ಸಂರಕ್ಷಣಾ ಕಾಯ್ದೆ, 2019: ಮರುಮಾರಾಟಕ್ಕೆ ಕೊಂಡವನು ಗ್ರಾಹಕ ಅಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆಂದೇ ಸೆಟ್ ಕೊಂಡ ಮೈಕ್ ಸೆಟ್ಟಿನವನು ಗ್ರಾಹಕನೇ.
- ಸಿಜಿಎಸ್‌ಟಿ ನಿಯಮ 32(5): ಹಳೆ ಸರಕಿನ ನೋಂದಾಯಿತ ವ್ಯಾಪಾರಿ, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಮತ್ತು ಮಾರಿದ ದರದ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು.
- ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022: ಜಾರಿ 1 ಏಪ್ರಿಲ್ 2023. ಪೂರ್ತಿ ಸತ್ತ ಸೆಟ್ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು.
- ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷೇಧ. ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ರಾತ್ರಿ 12ರವರೆಗೆ ಸಡಿಲಿಸಬಹುದು. ಸುಪ್ರೀಂ ಕೋರ್ಟಿನ ಪ್ರಮುಖ ತೀರ್ಪು: 18 ಜುಲೈ 2005.

| ವಲಯ | ಹಗಲು (ಡೆಸಿಬೆಲ್) | ರಾತ್ರಿ (ಡೆಸಿಬೆಲ್) |
|---|---|---|
| ಕೈಗಾರಿಕೆ | 75 | 70 |
| ವಾಣಿಜ್ಯ | 65 | 55 |
| ವಸತಿ | 55 | 45 |
| ನಿಶ್ಶಬ್ದ | 50 | 40 |

10. ಗೊಂದಲ ಬೇಡ

- ಪ್ರಿ-ಆಂಪ್ಲಿಫೈಯರ್ ಸಣ್ಣ ಸಂಕೇತವನ್ನು ಹದಗೊಳಿಸುತ್ತದೆ. ಪವರ್ ಆಂಪ್ಲಿಫೈಯರ್ ಬಾಕ್ಸ್ ನಡೆಸುತ್ತದೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಇಂಟಿಗ್ರೇಟೆಡ್. ಬರೀ ಪವರ್ ಆಂಪ್ಲಿಫೈಯರಿಗೆ ಟೋನ್ ಗುಬುಟು ಇರುವುದಿಲ್ಲ, ಅದು ದೋಷವಲ್ಲ.
- ಎರಡು ಬಾಕ್ಸ್ ಇದ್ದ ಮಾತ್ರಕ್ಕೆ ಸ್ಟೀರಿಯೊ ಅಲ್ಲ. ಎರಡು ಬೇರೆ ಚಾನೆಲ್ ಇದ್ದರೆ ಮಾತ್ರ ಸ್ಟೀರಿಯೊ.
- ಫಿಲ್ಟರ್ ಕಂಡೆನ್ಸರ್ ಉಬ್ಬಿದ್ದರೆ ಕೆಟ್ಟಿದೆ. ಉಬ್ಬಿಲ್ಲ ಎಂದರೆ ಚಲೋ ಇದೆ ಎಂದಲ್ಲ.

11. ಒಂದೇ ಸಾಲಿನ ಪ್ರಶ್ನೋತ್ತರ

- ಎಬಿ ವರ್ಗ ತಗ್ಗಿಸುವ ವಿಕೃತಿ ಯಾವುದು? ಕ್ರಾಸ್‌ಓವರ್ ವಿಕೃತಿ.
- ನೆಗೆಟಿವ್ ಫೀಡ್‌ಬ್ಯಾಕ್ ಯಾರದು? ಹೆರಾಲ್ಡ್ ಬ್ಲ್ಯಾಕ್, 1927.
- ಧಾರವಾಡ ಆಕಾಶವಾಣಿ ಆರಂಭ? 8 ಜನವರಿ 1950.
- ಬಿಇಎಲ್ ಸ್ಥಾಪನೆ? 1954, ಬೆಂಗಳೂರು.
- 100 ಹರ್ಟ್ಸ್ ಗುಂಯ್ ಸದ್ದಿನ ಕಾರಣ? ಫಿಲ್ಟರ್ ಕಂಡೆನ್ಸರ್ ಸೋತಿರುವುದು.
- ವಸತಿ ವಲಯದ ರಾತ್ರಿ ಮಿತಿ? 45 ಡೆಸಿಬೆಲ್.
- ಸೀರೀಸ್ ಬಲ್ಬ್ ಉರಿಯುತ್ತಲೇ ಇದ್ದರೆ? ಒಳಗೆ ಶಾರ್ಟ್, ಕೊಳ್ಳಬೇಡಿ, ಇಲ್ಲವೇ ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್ಟಿನ ದರಕ್ಕಷ್ಟೇ ಕೇಳಿ.
- "ಟೈಮಿಲ್ರೀ, ಐದ್ ನಿಮಿಷ ಕೇಳಿ ತಗೊಂಡ್ ಹೋಗ್ರಿ" ಎಂದರೆ? ರೊಕ್ಕ ಕಿಸೆಯಲ್ಲೇ ಇಟ್ಟುಕೊಂಡು, ಅರ್ಧ ಗಂಟೆ ಬಿಡುವಿರುವ ದಿನ ಮತ್ತೆ ಬರುವುದು.